ಮಗುವಿನ ರಕ್ತದ ಗುಂಪು ಬೇರೆಯಾದರೆ

ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ಬರೆದಿರುವುದನ್ನು ನೀವು ನೋಡಿರುತ್ತೀರಿ. ಹೆರಿಗೆಯ ನಂತರ ಮಗುವಿನ ಗುಂಪೂ ತಿಳಿದುಬರುವುದುಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಂದ ಬರುವ ಕೆಲವು ಗಂಡಂದಿರು ಆ ಚೀಟಿಯನ್ನು ಹಿಡಿದು, "ಸಾಹೇಬ್ರ, ನಂದು ಎ, ಇಕಿದು ಬಿ, ಕೂಸಿಂದು ಓ ಹೆಂಗ ಬಂತ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಆ ಪ್ರಶ್ನೆಯ ಹಿಂದಿರುವ ಸಂಶಯವು ಸಂಸಾರವನ್ನೇ ಒಡೆಯಬಲ್ಲದು. ಆದುದರಿಂದ ಇದನ್ನು ಗಂಡಹೆಂಡಿರಿಬ್ಬರೂ ಕೂಡಿಯೇ ಓದಿರಿ.

ನಮ್ಮ ಗುಂಪನ್ನು ನಿರ್ಧರಿಸುವ ಅಂಶಗಳು ಎರಡು. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಎ ಮತ್ತು ಬಿ ಅಂಶಗಳು ಹೊರಗೆ ತೋರುತ್ತವೆ. ಓ ಅಂಶವು ಅವುಗಳ ಮರೆಯಲ್ಲಿ ಅಡಗಿರುತ್ತದೆ. ತಂದೆಯಲ್ಲಿ ಎ ಜೊತೆಗೆ ಓ, ತಾಯಿಯಲ್ಲಿ ಬಿ ಜೊತೆಗೆ ಓ ಇದ್ದು, ಇಬ್ಬರಿಂದಲೂ ಓ ಅಂಶವೇ ಬಂದರೆ ಮಗು ಓ ಗುಂಪಿನದಾಗುತ್ತದೆ. ಅಜ್ಜನ ಮೂಗು ಮಗನನ್ನು ಬಿಟ್ಟು ಮೊಮ್ಮಗನಲ್ಲಿ ಕಾಣಿಸಿಕೊಳ್ಳುವುದಿಲ್ಲವೇ? ತಾಯಿ ಓ, ತಂದೆ ಎಬಿ ಆಗಿದ್ದರಂತೂ ಮಗು ಸಾಮಾನ್ಯವಾಗಿ ಎ ಅಥವಾ ಬಿ ಆಗಿ, ಇಬ್ಬರ ಗುಂಪನ್ನೂ ಹೋಲುವುದಿಲ್ಲ. ಪಾಸಿಟಿವ್ ದಂಪತಿಗಳಿಗೆ ನೆಗೆಟಿವ್ ಮಗುವೂ ಹುಟ್ಟಬಹುದು.

ಎಬಿ ತಂದೆಗೆ ಓ ಮಗು ಸಾಮಾನ್ಯವಾಗಿ ಹುಟ್ಟದು. ಇಂತಹ ನಿಯಮಗಳ ಆಧಾರದಿಂದ 'ಈತನು ತಂದೆಯಲ್ಲ' ಎಂದು ಹೇಳುವ ಪದ್ಧತಿ ಹಿಂದೆ ನ್ಯಾಯಾಲಯಗಳಲ್ಲಿತ್ತು. 'ಈತನೇ ತಂದೆ' ಎಂದು ಮಾತ್ರ ಹೇಳಲು ಬಾರದು. ಅದೇ ಗುಂಪಿನವರು ಒಂದೊಂದು ಊರಿನಲ್ಲಿಯೂ ಅನೇಕರಿರುತ್ತಾರೆ.

ಮೊದಲನೆಯ ಮಾತೂ ಕೆಲವೊಮ್ಮೆ ತಪ್ಪಾಗುತ್ತದೆಂಬುದನ್ನು ನಮ್ಮ ಭಾಗದವರು ವಿಶೇಷವಾಗಿ ಅರಿತಿರಬೇಕು. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 'ಬಾಂಬೆ ಗುಂಪು' ಎಂಬುದನ್ನು ಲೋಕಕ್ಕೆ ತಿಳಿಸಿದರು. ಎ, ಬಿ ವಸ್ತುಗಳಿಗೆ ಬುನಾದಿಯಾದ ಎಚ್ ವಸ್ತುವೇ ಇವರ ರಕ್ತದಲ್ಲಿಲ್ಲ. ವಂಶದಿಂದ ಎ ಅಥವಾ ಬಿ ಅಂಶ ಬಂದಿದ್ದರೂ ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಹೀಗೆ ಎಬಿ ತಂದೆಯ ಸ್ವಂತ ಮಗುವೇ ಓ ಎನ್ನಿಸಿಕೊಳ್ಳಬಹುದು! ಈ ಗುಂಪು ಅಪರೂಪದ್ದು. ಆದರೂ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಬೇರೆಡೆಗಿಂತ ಹೆಚ್ಚಾಗಿ ಕಂಡುಬಂದಿದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಮನೆತನಗಳಲ್ಲಿ ಇದರ ಸಂಭವ ಇನ್ನೂ ಅಧಿಕ. ಇಂತಹವರಿಗೆ ಓ ರಕ್ತ ಕೊಟ್ಟರೆ ಪ್ರಾಣಾಪಾಯವೂ ಉಂಟು. ಬಾಂಬೆ ಗುಂಪಿನವರ ರಕ್ತವೇ ಬೇಕು.

ಈಗ ಪಿತೃತ್ವದ ನಿರ್ಣಯ ಡಿಎನ್‌ಎ ಪರೀಕ್ಷೆಯಿಂದ ಆಗುತ್ತದೆ. ಸಂಶಯ ಬಂದಿತೆಂದ ಮಾತ್ರಕ್ಕೆ ನ್ಯಾಯಾಲಯವು ಪರೀಕ್ಷೆಗೆ ಆದೇಶಿಸುವುದಿಲ್ಲ. ರಕ್ತಪರೀಕ್ಷೆಯನ್ನು ವಾಡಿಕೆಯಂತೆ ವಿಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ಹೇಳಿದೆ. ಚೀಟಿಯಲ್ಲಿ ಬರೆಯುವಾಗ ಕೈತಪ್ಪು ಆಗುವುದೂ ಉಂಟು. ಗುಂಪು ಹೊಂದುವುದಿಲ್ಲವೆಂದು ಕಂಡರೆ, ಮನೆಯಲ್ಲಿ ಮಾತು ಬೆಳೆಸುವ ಮೊದಲು ಮೂವರೂ ರಕ್ತನಿಧಿಯಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿರಿ.