ಐನೂರು ವರ್ಷದ ಅಡುಗೆ ಪುಸ್ತಕ

ಪ್ರಶ್ನೆ: ಅಂಗಡಿಯ ಪುಡಿ, ಸಿದ್ಧ ಹಿಟ್ಟು ನೆಚ್ಚದೆ ಎಲ್ಲವನ್ನೂ ಮನೆಯಲ್ಲೇ ಮಾಡಲು ಕಲಿಸುವ ಹಳೆಯ ಕನ್ನಡ ಪುಸ್ತಕಗಳಿವೆಯೇ?
(ನಂಜನಗೂಡು, ತಿ. ನರಸೀಪುರದ ಓದುಗರು)

ಉತ್ತರ: ಇವೆ. ಒಂದಂತೂ ನಿಮ್ಮ ಜಿಲ್ಲೆಯದೇ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಬರೆದ ‘ಸೂಪಶಾಸ್ತ್ರ’, ಹಿಟ್ಟಿನ ತಿನಿಸು, ಪಾನಕ, ಅನ್ನ, ಬದನೆ, ಬಾಳೆ, ಹಲಸಿನ ಅಡುಗೆಗಳನ್ನು ವಾರ್ಧಕ ಷಟ್ಪದಿಯಲ್ಲಿ ಹೇಳುತ್ತದೆ.

ಅದಕ್ಕೂ ಹಿಂದೆ, 1025ರ ಸುಮಾರಿಗೆ, ಚಾವುಂಡರಾಯನ ‘ಲೋಕೋಪಕಾರ’ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವ ಕ್ರಮ ಕೊಟ್ಟಿದೆ. ಆಗಿನ್ನೂ ಮೆಣಸಿನಕಾಯಿ ಭಾರತಕ್ಕೆ ಬಂದಿರಲಿಲ್ಲ. ಖಾರಕ್ಕೆ ಕಾಳುಮೆಣಸೇ ಆಧಾರ.

ನಮ್ಮ ನಿತ್ಯದ ರುಚಿಗೆ ಇಷ್ಟು ಹಿಂದಿನ ಬೇರು ಕಾಣುವುದೇ ಇಂಥ ಪುಸ್ತಕಗಳ ದೊಡ್ಡ ಸಂತೋಷ. ಗದ್ಯಾನುವಾದವಿರುವ ಆವೃತ್ತಿಯನ್ನು ಗ್ರಂಥಾಲಯದಲ್ಲಿ ಕೇಳಿ. ಉದ್ದು ನೆನೆಸುವುದರಿಂದಲೇ ಆರಂಭಿಸಿ.