ಆಳಿನ ಬೆಲೆ, ಆಳಿನ ಬದಲಿ

ಕನ್ನಡ ನಾಡಿನಲ್ಲಿ ಕೆಲಸವನ್ನು ಅಳೆಯುವುದಕ್ಕೆ ಆಳೇ ಅಳತೆಗೋಲು. ನಾಟಿಗೆ ‘ಹತ್ತಾಳು ಬೇಕು’ ಎನ್ನುವರು. ಬಾವಿಯ ನೀರನ್ನು ‘ಎರಡಾಳುದ್ದ’ ಎಂದು ಹೇಳುವರು. ಹೀಗೆ ಎಣಿಸುವಾಗ ಆ ಆಳು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಒಬ್ಬನ ಸ್ಥಾನದಲ್ಲಿ ಮತ್ತೊಬ್ಬನು ಬಂದರೂ ಲೆಕ್ಕ ಸರಿಹೋಗುತ್ತದೆ. ಈ ಮಾತಿನ ರೂಢಿಯಲ್ಲಿ ಅರ್ಥಶಾಸ್ತ್ರದ ಒಂದು ಕಠಿಣವಾದ ತತ್ತ್ವ ಅಡಗಿದೆ. ಅದಾವುದೆಂದರೆ, ದುಡಿಯುವವನ ಬೆಲೆ ಅವನ ಕೆಲಸ ಎಷ್ಟು ಅವಶ್ಯವೆಂಬುದನ್ನು ಅನುಸರಿಸುವುದಕ್ಕಿಂತ ಹೆಚ್ಚಾಗಿ, ಅವನಿಗೆ ಬದಲಿಯನ್ನು ತರುವುದು ಎಷ್ಟು ಸುಲಭವೆಂಬುದನ್ನು ಅನುಸರಿಸುತ್ತದೆ. ಒಂದಕ್ಕೊಂದು ಬಹುದೂರವಾದ ಎರಡು ಕ್ಷೇತ್ರಗಳನ್ನು, ಅಮೆರಿಕದ ವೃತ್ತಿನಿರತ ಫುಟ್‌ಬಾಲ್ ತಂಡಗಳನ್ನೂ ಕೋಲಾರದ ಚಿನ್ನದ ಗಣಿಗಳನ್ನೂ, ಒಟ್ಟಿಗಿಟ್ಟು ನೋಡಿದರೆ ಈ ತತ್ತ್ವ ಸ್ಪಷ್ಟವಾಗುತ್ತದೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಮೈದಾನಗಳ ಕಾಲ್ಚೆಂಡಲ್ಲ. ಅದರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವರು, ದೂರಕ್ಕೆ ಎಸೆಯುವರು. ಚೆಂಡನ್ನು ಅಪ್ಪಿಕೊಂಡು ಎದುರಾಳಿಗಳ ಗುಂಪಿನೊಳಕ್ಕೆ ನುಗ್ಗುವವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಆಟದ ಅತ್ಯಂತ ಒರಟಾದ ಪೆಟ್ಟುಗಳು ಬೀಳುವುದು ಇವನ ಮೇಲೆಯೇ. ಮೊಣಕಾಲು ಹೋಗುವುದು, ಕಣಕಾಲು ಮುರಿಯುವುದು ಸಾಮಾನ್ಯ. ಇವರಲ್ಲಿ ಬಹುಮಂದಿಯ ಆಟ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಮೂವತ್ತು ತುಂಬಿದವನನ್ನು ಮುದುಕನೆಂದೇ ಎಣಿಸುವರು.

ಹೀಗಿದ್ದರೂ ಚೆಂಡನ್ನು ಎಸೆಯುವವನಿಗೆ ಸಲ್ಲುವ ಸಂಬಳದ ಅಲ್ಪಭಾಗವೇ ಇವನಿಗೆ ಸಲ್ಲುವುದು. ಇದಕ್ಕೆ ತಂಡಗಳವರು ಕೊಡುವ ಕಾರಣ ಡೆನ್ವರ್ ನಗರದ ತಂಡದ ಚರಿತ್ರೆಯಿಂದ ವಿಶದವಾಗುತ್ತದೆ. ಅಲ್ಲಿ 1995ರಲ್ಲಿ ಆರನೆಯ ಸುತ್ತಿನ ಆಯ್ಕೆಯಲ್ಲಿ ಬಂದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿ ಕೀರ್ತಿವಂತನಾದನು. ಮರುವರ್ಷ ಅವನ ಮೊಣಕಾಲಿಗೆ ಗಾಯವಾಯಿತು. ಆ ಸ್ಥಾನಕ್ಕೆ ಬಂದ ಒಲಾಂಡಿಸ್ ಗ್ಯಾರಿ 1,159 ಗಜ ಓಡಿದನು. 2000ದಲ್ಲಿ ಮೈಕ್ ಆಂಡರ್ಸನ್ 1,487 ಗಜ, 2002ರಲ್ಲಿ ಕ್ಲಿಂಟನ್ ಪೋರ್ಟಿಸ್ 1,508 ಗಜ ಓಡಿದರು. ಓಡುವವರು ಬದಲಾದರು, ಓಟ ನಿಲ್ಲಲಿಲ್ಲ. ಆದುದರಿಂದ ಕೀರ್ತಿ ಓಡಿದವನಿಗಿಂತ ಹೆಚ್ಚಾಗಿ ಅವನಿಗೆ ದಾರಿ ಬಿಡಿಸಿಕೊಟ್ಟ ಮುಂದಿನ ಸಾಲಿನವರಿಗೂ ಆಟದ ಯೋಜನೆಗೂ ಸಲ್ಲಬೇಕೆಂದು ಅನೇಕರು ತೀರ್ಮಾನಿಸಿದರು. 2011ರ ಒಪ್ಪಂದದಂತೆ ಹೊಸದಾಗಿ ಆಯ್ಕೆಯಾದ ಆಟಗಾರನು ನಾಲ್ಕು ವರ್ಷ ನಿಗದಿಯಾದ ಸಂಬಳಕ್ಕೆ ಆಡಬೇಕು. ರನ್ನಿಂಗ್ ಬ್ಯಾಕಿನ ದೇಹದ ಉತ್ತಮ ವರ್ಷಗಳು ಆ ನಾಲ್ಕೇ. ಬೆಲೆ ಕೇಳುವ ಹಕ್ಕು ಬರುವ ವೇಳೆಗೆ ಬೆಲೆಬಾಳುವ ಕಾಲ ಕಳೆದಿರುತ್ತದೆ.

ಈಗ ಕೋಲಾರದ ಗಣಿಗಳ ಕಡೆಗೆ ತಿರುಗೋಣ. 1880ರಲ್ಲಿ ಮೈಸೂರು ಚಿನ್ನದ ಗಣಿ ಕಂಪೆನಿ ಸ್ಥಾಪಿತವಾಯಿತು. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಸಂಸ್ಥೆಯ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ರೈಲುದಾರಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲಪಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯೇ ಬೇಯುವಂತೆ ಕಾದಿರುತ್ತದೆ. ಮೇಲಿನ ಭಾರ ತಾಳದೆ ಅದು ತಾನಾಗಿ ಸಿಡಿಯುವುದೂ ಉಂಟು. ಅಲ್ಲಿ ಇಳಿದು ರಂಧ್ರ ಕೊರೆದು, ಮದ್ದು ಸಿಡಿಸಿ, ಅದಿರನ್ನು ತುಂಬಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದವರು. ಅವರಲ್ಲಿ ಬಹುಸಂಖ್ಯಾತರು ಅಸ್ಪೃಶ್ಯರೆಂದು ಊರ ಹೊರಗಿಟ್ಟಿದ್ದ ಜಾತಿಗಳವರು.

ಈ ಕೆಲಸಗಾರನ ಬೆಲೆ ಹೇಗೆ ನಿಶ್ಚಯವಾಗುತ್ತಿತ್ತು? ಬಂಗಾರಪೇಟೆಯ ರೈಲುದಾರಿಯೇ ಉತ್ತರ ಹೇಳುತ್ತದೆ. ಬರಗಾಲವೂ ಜಮೀನ್ದಾರನ ಸಾಲವೂ ಜಾತಿಯ ಹಿಂಸೆಯೂ ಹಳ್ಳಿಗಳಿಂದ ಅಟ್ಟಿದ ಜನ ಗಣಿಯನ್ನು ಬಿಡುಗಡೆಯೆಂದೇ ಬಗೆದು ಬರುತ್ತಿದ್ದರು. ಬರುವವರು ಇರುವ ತನಕ ಇರುವವನಿಗೆ ಹೆಚ್ಚು ಕೊಡಬೇಕಾದ ಅಗತ್ಯವಿರಲಿಲ್ಲ. ನೆಲದೊಳಗಿನ ಕೆಲಸದ ಬಹುಭಾಗ ಗುತ್ತಿಗೆದಾರರ ಮೂಲಕ ನಡೆಯುತ್ತಿದ್ದುದರಿಂದ ಕಂಪೆನಿಗೆ ಬೇಕಾಗಿದ್ದುದು ಆಳುಗಳ ಸಂಖ್ಯೆ, ಹೆಸರಲ್ಲ. ಚಿನ್ನ ಹೆಚ್ಚು ದೊರೆತರೆ ಅದು ಅದಿರಿನ ಪದರದ ಗುಣ, ಯಂತ್ರದ ಗುಣ, ಎಂಜಿನಿಯರನ ಬುದ್ಧಿ ಎನ್ನಿಸಿಕೊಳ್ಳುತ್ತಿತ್ತು. ಡೆನ್ವರಿನ ತರ್ಕವೇ ಇಲ್ಲಿಯೂ ಕಾಣುತ್ತದೆ: ಫಲ ವ್ಯವಸ್ಥೆಯದು, ದೇಹ ಯಾರದಾದರೂ ಆದೀತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕೆಲಸಗಾರನನ್ನು ಸಂಖ್ಯೆಯೆಂದು ಎಣಿಸುತ್ತಿದ್ದ ಗಣಿಗಳು, 1930ರಲ್ಲಿ ಪ್ರತಿಯೊಬ್ಬನ ಬೆರಳಚ್ಚು ಪಡೆದು ನೋಂದಾಯಿಸುವ ಏರ್ಪಾಡು ಮಾಡಹೊರಟವು. ಹೀಗೆ ಅವನು ಇಂಥವನೇ ಎಂದು ಗುರುತಿಸಲು ಹೊರಟುದು ಅವನಿಗೆ ಬೆಲೆ ಕಟ್ಟುವುದಕ್ಕಲ್ಲ, ಅವನ ಚಲನವಲನಕ್ಕೆ ಕಡಿವಾಣ ಹಾಕುವುದಕ್ಕೆ. ತಮ್ಮನ್ನು ಅಪರಾಧಿಗಳಂತೆ ಕಾಣುವರೆಂದು ಸಿಟ್ಟಾದ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಒಬ್ಬನು ಬಿಟ್ಟರೆ ಬದಲಿ ಸಿಕ್ಕಾನು. ಎಲ್ಲರೂ ಒಮ್ಮೆಗೇ ಬಿಟ್ಟರೆ ಬದಲಿಯೆಂಬ ಮಾತೇ ಅರ್ಥ ಕಳೆದುಕೊಳ್ಳುತ್ತದೆ. ಮುಂದೆ 1940ರ ದಶಕದಲ್ಲಿ ಬೆಳೆದ ಕಾರ್ಮಿಕ ಸಂಘಗಳ ಬಲಕ್ಕೆಲ್ಲ ಈ ಸರಳವಾದ ಅರಿವೇ ಮೂಲವೆನ್ನಬಹುದು.

ಬೆಲೆಯ ಲೆಕ್ಕದಲ್ಲಿ ಸೇರದೆ ಉಳಿದ ಬಾಬು ಮತ್ತೊಂದಿತ್ತು. ಚಿನ್ನವನ್ನು ಹೊತ್ತ ಬೆಣಚುಕಲ್ಲನ್ನು ಕೊರೆಯುವಾಗ ಏಳುವ ನವುರಾದ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಗಡುಸು ಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಮದ್ದಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪರಿಹಾರಕ್ಕೆ ಅರ್ಹವಾದ ರೋಗವೆಂದು ಒಪ್ಪಿತು. ಅಲ್ಲಿಂದ 1946ರವರೆಗೆ ಏಳು ಸಾವಿರಕ್ಕಿಂತ ಹೆಚ್ಚು ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗದ ಚಿಹ್ನೆ ಕಂಡಿತು. ಅಲ್ಲಿಯ ತನಕ ಕೆಮ್ಮಿ ಬಡವಾದವನು ಹಳ್ಳಿಗೆ ಹಿಂತಿರುಗುತ್ತಿದ್ದನು. ಅವನ ಜಾಗಕ್ಕೆ ಇನ್ನೊಬ್ಬನು ಇಳಿಯುತ್ತಿದ್ದನು. ಬದಲಿ ಅಗ್ಗವೆಂದು ತೋರಿದುದಕ್ಕೆ ಕಾರಣ, ಸವೆತದ ಖರ್ಚನ್ನು ಗಣಿಯ ಪುಸ್ತಕದಲ್ಲಿ ಬರೆಯದೆ ಹಳ್ಳಿಯ ಮನೆಯ ಮೇಲೆ ಹೊರಿಸಿದುದು.

ಎರಡು ಕ್ಷೇತ್ರಗಳಿಗೂ ಭೇದವಿಲ್ಲವೆಂದಲ್ಲ. ಅಮೆರಿಕದ ಆಟಗಾರನಿಗೆ ಕೆಲವೇ ವರ್ಷಗಳಲ್ಲಿ ಒಂದು ಜೀವಮಾನಕ್ಕೆ ಸಾಲುವ ಧನ ದೊರೆಯಬಹುದು. ಅವನ ಗಾಯ ಸಾವಿರಾರು ಜನರ ಕಣ್ಣೆದುರಿಗೆ ಆಗುತ್ತದೆ. ಗಣಿಯವನ ಗಾಯ ಎದೆಯ ಒಳಗೆ, ಹಲವು ವರ್ಷಗಳಲ್ಲಿ, ಯಾರಿಗೂ ಕಾಣದಂತೆ ಆಗುತ್ತಿತ್ತು. ಮೇಲಾಗಿ, ಬದಲಿಯ ಲೆಕ್ಕ ತಪ್ಪುವುದೂ ಉಂಟು. ನ್ಯೂಯಾರ್ಕಿನ ಜೈಂಟ್ಸ್ ತಂಡ ಕೈಬಿಟ್ಟ ಸಾಕ್ವಾನ್ ಬಾರ್ಕ್ಲಿ 2024ರಲ್ಲಿ ಫಿಲಡೆಲ್ಫಿಯಾ ತಂಡಕ್ಕಾಗಿ 2,005 ಗಜ ಓಡಿದನು. ಆ ತಂಡ 2025ರ ಫೆಬ್ರವರಿಯಲ್ಲಿ ಚಾಂಪಿಯನ್ ಆಯಿತು. ಅಲ್ಲಿ ಮುಂದಿನ ಸಾಲು ಬಲವಾಗಿತ್ತೆಂಬುದು ನಿಜ. ಆದರೆ ದಾರಿ ತೆರೆದುಕೊಂಡ ಮಾತ್ರಕ್ಕೆ ಎಲ್ಲರೂ ಹಾಗೆ ಓಡಲಾರರು ಎಂಬುದೂ ಅಷ್ಟೇ ನಿಜ. ಗಣಿಯಲ್ಲಿ ಬಂಡೆಯ ಸದ್ದನ್ನು ಕೇಳಿ ಅದು ಸಡಿಲವೋ ಗಟ್ಟಿಯೋ ಎಂದು ತಿಳಿಯುವ ಅನುಭವಿಗೆ ಬದಲಿಯಾಗಿ ಹೊಸಬನನ್ನು ಇಳಿಸಿದರೆ, ಸಂಖ್ಯೆ ಸರಿಯಾದರೂ ಕೆಲಸ ಸರಿಯಾಗುವುದಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಒಂದು ಶತಮಾನಕ್ಕೂ ಮಿಕ್ಕಿ ನಡೆದ ಗಣಿಗಾರಿಕೆಯಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್ನು. ಅದರ ಲೆಕ್ಕ ತೂಕದಲ್ಲಿ ಉಳಿದಿದೆ. ಅದಕ್ಕಾಗಿ ಸವೆದ ಎದೆಗಳ ಲೆಕ್ಕ ಪೂರ್ಣವಾಗಿ ಯಾವ ಪುಸ್ತಕದಲ್ಲಿಯೂ ಇಲ್ಲ. ಸಯನೈಡ್ ದಿಬ್ಬಗಳ ಪಕ್ಕದಲ್ಲಿ ಮಾರಿಕುಪ್ಪದ ರೈಲು ಇಂದಿಗೂ ಓಡುತ್ತದೆ. ಹಿಂದೆ ಆಳುಗಳನ್ನು ಗಣಿಗೆ ತಂದ ಅದೇ ದಾರಿಯಲ್ಲಿ ಈಗ ಅವರ ಮಕ್ಕಳು ಮೊಮ್ಮಕ್ಕಳು ನಸುಕಿನಲ್ಲಿ ಎದ್ದು, ಬಂಗಾರಪೇಟೆಯನ್ನು ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುವರು. ಅಲ್ಲಿ ಅವರನ್ನು ಹೆಸರಿನಿಂದ ಕರೆಯುವರೋ, ‘ಇಷ್ಟು ಆಳು’ ಎಂದು ಎಣಿಸುವರೋ ಎಂಬುದರ ಮೇಲೆಯೇ ಅವರ ಬೆಲೆಯೂ ನಿಂತಿದೆ.