ಜೈಲ್ ವಾರ್ಡರ್, ಜೈಲರ್ ಹುದ್ದೆ: ಅರ್ಜಿ ಹಾಕುವ ಮುನ್ನ ಗಡಿಭಾಗದ ಯುವಜನರು ಅರಿಯಬೇಕಾದದ್ದು

ಚಿಕ್ಕೋಡಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಯುವಕರಿಗೆ ಸಮವಸ್ತ್ರದ ನೌಕರಿಯ ಆಸೆ ಹೊಸದೇನಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಸೇನೆಯತ್ತ ಒಲವು ತಲೆಮಾರುಗಳಿಂದ ಬಂದಿದೆ. ಅದರ ನಂತರದ ಆಯ್ಕೆ ಪೊಲೀಸ್ ಇಲಾಖೆ. ಇವೆರಡೂ ಕೈತಪ್ಪಿದಾಗ ನೆನಪಾಗುವುದು ಕಾರಾಗೃಹ ಇಲಾಖೆ. ಆದರೆ ಪೊಲೀಸ್ ಪರೀಕ್ಷೆಯ ಸಿದ್ಧತೆಯನ್ನೇ ಮುಂದಿಟ್ಟುಕೊಂಡು, ಉದ್ಯೋಗದ ಸ್ವರೂಪವನ್ನೇ ತಿಳಿಯದೆ ಒಳಗೆ ಕಾಲಿಟ್ಟವರಿಗೆ ಈ ಸೇವೆ ಭಾರವಾಗುವುದು ಸಹಜ. ಏಕೆಂದರೆ ಪೊಲೀಸರ ಕೆಲಸ ಆರೋಪಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವುದರೊಂದಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಕಾರಾಗೃಹ ಸಿಬ್ಬಂದಿಯ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.

ಪ್ರವೇಶದ ಎರಡು ದಾರಿ

ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಕಾರಾಗೃಹ ರಾಜ್ಯಪಟ್ಟಿಗೆ ಸೇರಿದ ವಿಷಯ. ಹೀಗಾಗಿ ನೇಮಕಾತಿ, ವೇತನ, ವರ್ಗಾವಣೆ ಎಲ್ಲವೂ ರಾಜ್ಯ ಸರ್ಕಾರದ ನಿಯಮಗಳಿಗೆ ಒಳಪಟ್ಟಿವೆ. ಹೊಸಬರಿಗೆ ಮುಖ್ಯವಾಗಿ ತೆರೆದಿರುವ ದಾರಿಗಳು ಎರಡು. ಒಂದು, ಎಸ್ಸೆಸ್ಸೆಲ್ಸಿ ವಿದ್ಯಾರ್ಹತೆಯ ವೀಕ್ಷಕ ಅಥವಾ ವಾರ್ಡರ್ ಹುದ್ದೆ. ಇನ್ನೊಂದು, ಪದವೀಧರರಿಗೆ ಮೀಸಲಾದ ಜೈಲರ್ ಹುದ್ದೆ. ವೀಕ್ಷಕರಾಗಿ ಸೇರಿದವರು ಮುಖ್ಯ ವೀಕ್ಷಕ ಹುದ್ದೆಗೂ ಅಲ್ಲಿಂದ ಮುಂದಕ್ಕೂ ಬಡ್ತಿ ಪಡೆಯಲು ಅವಕಾಶವಿದೆ. ಜೈಲರ್ ಹುದ್ದೆಯ ಮೇಲೆ ಸಹಾಯಕ ಅಧೀಕ್ಷಕ, ಅಧೀಕ್ಷಕ, ಮುಖ್ಯ ಅಧೀಕ್ಷಕ ಹೀಗೆ ಶ್ರೇಣಿ ಸಾಗುತ್ತದೆ. ಇಲಾಖೆಯ ಮುಖ್ಯಸ್ಥರಾಗಿ ಐಪಿಎಸ್ ಅಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ.

ಲಿಖಿತ ಪರೀಕ್ಷೆಯ ಜೊತೆಗೆ ದೇಹದಾರ್ಢ್ಯ ಹಾಗೂ ಸಹಿಷ್ಣುತೆ ಪರೀಕ್ಷೆಗಳಿರುತ್ತವೆ. ವಯೋಮಿತಿ, ಎತ್ತರ, ಎದೆಯ ಸುತ್ತಳತೆಯ ವಿವರಗಳನ್ನು ಆಯಾ ಅಧಿಸೂಚನೆಯಲ್ಲೇ ನೋಡಿಕೊಳ್ಳುವುದು ಕ್ಷೇಮ. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನಂಬಿ ಕೂರುವುದು ತರವಲ್ಲ.

ಮೀಸಲಾತಿಯ ಪ್ರಮಾಣಪತ್ರಗಳ ವಿಷಯದಲ್ಲಿ ಈ ಭಾಗದ ಅಭ್ಯರ್ಥಿಗಳು ವಿಶೇಷ ಎಚ್ಚರ ವಹಿಸಬೇಕು. ರಾಜ್ಯದ ನೇರ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಗಡಿ ಗ್ರಾಮಗಳಲ್ಲಿ ಮರಾಠಿ ಮಾಧ್ಯಮದ ಶಾಲೆಗಳಲ್ಲಿ ಕಲಿತವರಿಗೆ ಎರಡನೆಯದು ದೊರೆಯದು; ನಿಯಮದಂತೆ ಅರ್ಹರಾದರೆ ಮೊದಲನೆಯದು ದೊರೆಯಬಹುದು. ಲೈಂಗಿಕ ಅಲ್ಪಸಂಖ್ಯಾತರಿಗೆ 2021ರಿಂದ ಶೇ 1 ಮೀಸಲಾತಿ ಜಾರಿಯಲ್ಲಿದೆ. ಸಂವಿಧಾನದ 371(ಜೆ) ವಿಧಿಯ ಸ್ಥಳೀಯ ಮೀಸಲಾತಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಸೀಮಿತವಾಗಿದ್ದು, ಬೆಳಗಾವಿ ಜಿಲ್ಲೆಗೆ ಅನ್ವಯಿಸುವುದಿಲ್ಲ.

ದಿನಚರಿ ಹೇಗಿರುತ್ತದೆ?

ವೀಕ್ಷಕರ ದಿನ ಎಣಿಕೆಯಿಂದ ಎಣಿಕೆಗೆ ಸಾಗುತ್ತದೆ. ಮುಂಜಾನೆ ಬ್ಯಾರಕ್ ತೆರೆದಾಗ ಲೆಕ್ಕ, ಸಂಜೆ ಬೀಗ ಹಾಕುವಾಗ ಮತ್ತೆ ಲೆಕ್ಕ. ಒಂದು ತಲೆ ಕಡಿಮೆಯಾದರೂ ಇಡೀ ಕಾರಾಗೃಹ ನಿಂತುಬಿಡುತ್ತದೆ. ಇವುಗಳ ನಡುವೆ ಹೆಬ್ಬಾಗಿಲ ಕಾವಲು, ಒಳಬರುವವರ ತಪಾಸಣೆ, ಅಡುಗೆಮನೆ ಹಾಗೂ ಆಸ್ಪತ್ರೆಯ ಉಸ್ತುವಾರಿ, ಬಂಧುಗಳ ಭೇಟಿಯ ಮೇಲ್ವಿಚಾರಣೆ, ದಾಖಲೆ ಪುಸ್ತಕಗಳ ನಿರ್ವಹಣೆ. ರಾತ್ರಿ ಪಾಳಿ ತಪ್ಪಿದ್ದಲ್ಲ. ಹಬ್ಬ ಹರಿದಿನಗಳಲ್ಲಿ ರಜೆ ದುರ್ಲಭ. ಕೈದಿಗಳ ನಡುವೆ ಓಡಾಡುವ ಸಿಬ್ಬಂದಿಯ ಬಳಿ ಸಾಮಾನ್ಯವಾಗಿ ಬಂದೂಕು ಇರುವುದಿಲ್ಲ. ಅವರ ನಿಜವಾದ ಆಯುಧ ಮಾತು, ತಾಳ್ಮೆ ಮತ್ತು ಬರಲಿರುವ ಗಲಾಟೆಯನ್ನು ಮುಂಚಿತವಾಗಿ ಗ್ರಹಿಸುವ ಕಣ್ಣು.

ಜೈಲರ್ ಹುದ್ದೆಯಲ್ಲಿ ಕಾನೂನು ಹಾಗೂ ಕಾಗದಪತ್ರಗಳ ಭಾರ ಹೆಚ್ಚು. ನ್ಯಾಯಾಲಯದ ವಾರಂಟ್, ಬಿಡುಗಡೆಯ ದಿನಾಂಕದ ಲೆಕ್ಕ, ಪೆರೋಲ್ ಅರ್ಜಿ, ಶಿಕ್ಷೆ ಮಾಫಿಯ ದಾಖಲೆ ಇವೆಲ್ಲದರಲ್ಲೂ ಒಂದು ದಿನದ ತಪ್ಪು ಒಬ್ಬ ಮನುಷ್ಯನ ಒಂದು ದಿನದ ಸ್ವಾತಂತ್ರ್ಯವನ್ನು ಕಸಿಯುತ್ತದೆ. ದಕ್ಷಿಣದ ರಾಜ್ಯಗಳ ಕಾರಾಗೃಹ ಅಧಿಕಾರಿಗಳ ತರಬೇತಿಗೆಂದು ತಮಿಳುನಾಡಿನ ವೆಲ್ಲೂರಿನಲ್ಲಿ 1979ರಲ್ಲಿ ಸ್ಥಾಪನೆಯಾದ ಅಕಾಡೆಮಿಯ ಪಾಠಕ್ರಮದಲ್ಲಿ ಅಪರಾಧಶಾಸ್ತ್ರ, ಮನಶ್ಶಾಸ್ತ್ರಗಳಿಗೂ ಸ್ಥಾನವಿರುವುದು ಈ ಕಾರಣಕ್ಕೇ.

ಶಿಕ್ಷೆ ಕೊಡುವುದು ನ್ಯಾಯಾಲಯ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ದೇಶದ ಕೈದಿಗಳಲ್ಲಿ ಸುಮಾರು ಶೇ 76ರಷ್ಟು ಮಂದಿ ವಿಚಾರಣಾಧೀನರು. ಅಂದರೆ ಕಾನೂನಿನ ಕಣ್ಣಿನಲ್ಲಿ ಅವರಿನ್ನೂ ಅಪರಾಧಿಗಳಲ್ಲ. ಅಪರಾಧ ಸಾಬೀತಾದವರಿಗೂ ನ್ಯಾಯಾಲಯ ವಿಧಿಸಿದ ಶಿಕ್ಷೆಯಷ್ಟೇ ಶಿಕ್ಷೆ. ಅದಕ್ಕೆ ಇನ್ನಷ್ಟು ಸೇರಿಸುವ ಅಧಿಕಾರ ಸಿಬ್ಬಂದಿಗಿಲ್ಲ. ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಇಲ್ಲವಾಗವು ಎಂಬುದನ್ನು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿ ರಾಮಮೂರ್ತಿ ಬರೆದ ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿ 1996ರಲ್ಲಿ ನೀಡಿದ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಜನದಟ್ಟಣೆ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ನಿರ್ಲಕ್ಷ್ಯ ಸೇರಿದಂತೆ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಜಾತಿಯ ಆಧಾರದಲ್ಲಿ ಕೈದಿಗಳಿಗೆ ಕೆಲಸ ಹಂಚುವುದು ಸಂವಿಧಾನಬಾಹಿರ ಎಂದು 2024ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಕಾರಾಗೃಹ ಅಧಿಕಾರಿಗಳ ಮೇಲೆ ನೇರ ಹೊಣೆಯನ್ನೇ ಹೊರಿಸಿದೆ. ಮೊದಲ ಬಾರಿ ಆರೋಪಕ್ಕೊಳಗಾದ ವಿಚಾರಣಾಧೀನ ಕೈದಿಯು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಉಳಿದವರು ಅರ್ಧಭಾಗವನ್ನು ಬಂಧನದಲ್ಲಿ ಕಳೆದಿದ್ದರೆ ಕಾರಾಗೃಹದ ಅಧೀಕ್ಷಕರೇ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೆ ಇದು ಅನ್ವಯಿಸದು.

ಹಿಂಡಲಗಾ ಕಲಿಸುವ ಪಾಠ

ಈ ಐದೂ ತಾಲ್ಲೂಕುಗಳ ಜನರ ಬಾಯಲ್ಲಿ ಜೈಲು ಎಂದರೆ ಬೆಳಗಾವಿ ಹೊರವಲಯದ ಹಿಂಡಲಗಾ. 1923ರಲ್ಲಿ, ಈ ಪ್ರದೇಶ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ನಿರ್ಮಾಣವಾದ ಈ ಕೇಂದ್ರ ಕಾರಾಗೃಹದಲ್ಲಿ ಗಲ್ಲುಗಂಬವಿದೆ. ಮರಣದಂಡನೆಗೆ ಗುರಿಯಾದವರನ್ನು ಇಲ್ಲಿರಿಸುವುದು ವಾಡಿಕೆ. 1993ರ ಪಾಲಾರ್ ಸ್ಫೋಟ ಪ್ರಕರಣದಲ್ಲಿ ಗಲ್ಲು ಶಿಕ್ಷೆಗೆ ಒಳಗಾಗಿದ್ದ ವೀರಪ್ಪನ್ ಸಹಚರರು ನಾಲ್ವರೂ ಇಲ್ಲಿದ್ದರು. ಕ್ಷಮಾದಾನ ಅರ್ಜಿಯ ನಿರ್ಧಾರದಲ್ಲಾದ ವಿಳಂಬದ ಕಾರಣ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಹೊಸಬರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಇನ್ನೊಂದು ತೀರ್ಪು 2022ರ ನವೆಂಬರ್‌ನದು. ಇದೇ ಕಾರಾಗೃಹದಲ್ಲಿ ಗಲ್ಲು ಶಿಕ್ಷೆಯ ಕೈದಿಯೊಬ್ಬರನ್ನು ಸುಮಾರು ಹತ್ತು ವರ್ಷ ಏಕಾಂತದಲ್ಲಿ ಇರಿಸಿದ್ದನ್ನು ಪರಿಗಣಿಸಿದ ಸುಪ್ರೀಂ ಕೋರ್ಟ್, ಮರಣದಂಡನೆಯನ್ನು ರದ್ದುಗೊಳಿಸಿ ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅಪರಾಧ ಎಷ್ಟೇ ಘೋರವಾಗಿರಲಿ, ಜೈಲಿನೊಳಗೆ ನಿಯಮ ಮೀರಿದರೆ ನ್ಯಾಯಾಲಯಗಳ ತೀರ್ಪೇ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆಮಿಷದ ಬಲೆ

ನಿಯಮ ಮೀರುವುದು ಕಠೋರತೆಯಿಂದ ಮಾತ್ರವಲ್ಲ, ಸಡಿಲಿಕೆಯಿಂದಲೂ ಆಗುತ್ತದೆ. 2023ರ ಜನವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರ ನಾಗಪುರ ಕಚೇರಿಗೆ ಬಂದ ಬೆದರಿಕೆ ಕರೆ ಹಿಂಡಲಗಾ ಜೈಲಿನಿಂದಲೇ ಹೋಗಿತ್ತು ಎಂದು ಪೊಲೀಸರು ಪತ್ತೆ ಹಚ್ಚಿದರು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಪ್ರಸಿದ್ಧ ವಿಚಾರಣಾಧೀನ ಕೈದಿಯೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತ ಚಿತ್ರ ಹೊರಬಿದ್ದಾಗ ಹಲವು ಅಧಿಕಾರಿ, ಸಿಬ್ಬಂದಿ ಅಮಾನತುಗೊಂಡರು. ಮೊಬೈಲ್, ತಂಬಾಕು, ಮಾದಕ ವಸ್ತು ಒಳಸೇರುವುದು ಸಣ್ಣ ಉಪಕಾರದ ಹೆಸರಿನಲ್ಲಿಯೇ. ಇಂದು ಒಂದು ಬೀಡಿ ಕಟ್ಟು ತಲುಪಿಸಿದವನನ್ನು ನಾಳೆ ಬೆದರಿಸಿ ಮೊಬೈಲ್ ತರಿಸುವುದು ಕಷ್ಟವಲ್ಲ. ಊರಿನವನು, ಬಂಧು, ಹಳೆಯ ಗೆಳೆಯ ಒಳಗಿದ್ದಾಗ ಈ ಒತ್ತಡ ಇನ್ನೂ ಹೆಚ್ಚು. ಹತ್ತಿರದ ಜೈಲಿಗೇ ನೇಮಕವಾಗಲೆಂದು ಬಯಸುವವರು ಇದನ್ನೂ ಯೋಚಿಸಬೇಕು.

ಗಡಿಭಾಗದವರ ಬಲ

ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡಿ ಬೆಳೆದ ಈ ಭಾಗದ ಯುವಜನರಿಗೆ ಕನ್ನಡ ಮತ್ತು ಮರಾಠಿ ಎರಡೂ ಸಲೀಸು. ಕೈದಿಯ ಮಾತು ಅರ್ಥವಾಗದಿದ್ದರೆ ಅವನ ಕಾಯಿಲೆಯೂ ತಿಳಿಯದು, ಅವನ ಹತಾಶೆಯೂ ತಿಳಿಯದು. ಆದ್ದರಿಂದ ಹಿಂಡಲಗಾದಂತಹ ಗಡಿ ಜಿಲ್ಲೆಯ ಕಾರಾಗೃಹದಲ್ಲಿ ಈ ಭಾಷಾಜ್ಞಾನಕ್ಕೆ ಬೆಲೆಯಿದೆ. ಆದರೆ ಕಡತ, ಆದೇಶಗಳ ಭಾಷೆ ಕನ್ನಡವೇ ಆಗಿರುವುದರಿಂದ ಮರಾಠಿ ಮಾಧ್ಯಮದವರು ಕನ್ನಡ ಬರವಣಿಗೆಯನ್ನು ಗಟ್ಟಿ ಮಾಡಿಕೊಳ್ಳಲೇಬೇಕು. ಅಥಣಿ, ಕಾಗವಾಡದಿಂದ ಬಸ್ ಹಿಡಿದು ಅರ್ಧ ದಿನ ಪ್ರಯಾಣಿಸಿ ಮಗನನ್ನು ನೋಡಲು ಬರುವ ತಾಯಿಗೆ ಸಿಗುವುದು ಕೆಲವೇ ನಿಮಿಷ. ಆಕೆಯೊಂದಿಗೆ ಆಕೆಯ ಭಾಷೆಯಲ್ಲಿ, ಮರ್ಯಾದೆಯಿಂದ ಮಾತನಾಡುವ ವೀಕ್ಷಕನೂ ಇಲಾಖೆಯ ಹೆಸರಿನಲ್ಲಿರುವ ‘ಸುಧಾರಣಾ ಸೇವೆ’ ಎಂಬ ಪದಕ್ಕೆ ಅರ್ಥ ತುಂಬುತ್ತಾನೆ.

ಓಟ, ಜಿಗಿತಗಳ ಅಭ್ಯಾಸದ ಜೊತೆಗೆ ಅಭ್ಯರ್ಥಿಗಳು 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮವನ್ನೂ ಮೇಲೆ ಹೇಳಿದ ತೀರ್ಪುಗಳ ಸಾರಾಂಶವನ್ನೂ ಓದಿಕೊಳ್ಳುವುದು ಒಳಿತು. ಬೇರೆ ಊರಿನಲ್ಲಿ, ಎತ್ತರದ ಗೋಡೆಗಳ ಒಳಗೆ, ಯಾರ ಮೆಚ್ಚುಗೆಯೂ ಇಲ್ಲದೆ ಮೂವತ್ತು ವರ್ಷ ನಿಯಮಕ್ಕೆ ಬದ್ಧರಾಗಿ ಇರಬಲ್ಲೆವೇ ಎಂಬ ಪ್ರಶ್ನೆಗೆ ಮನಸ್ಸು ಹೌದೆಂದರೆ ಮಾತ್ರ ಅರ್ಜಿ ತುಂಬಬೇಕು. ಹಾಗೆ ಬಂದವರಿಗೆ ಈ ನೌಕರಿ ಪೊಲೀಸ್ ಹುದ್ದೆ ಸಿಗದಿದ್ದಾಗಿನ ಸಮಾಧಾನವಾಗಿ ಉಳಿಯದೆ, ತನ್ನಷ್ಟಕ್ಕೆ ತಾನೇ ಗೌರವದ ವೃತ್ತಿಯಾಗುತ್ತದೆ.